ಎಸ್ಟೀಮ್‌ಗೆ ಉದ್ದ ರನ್ನರ್ ಮ್ಯಾನಿಫೋಲ್ಡ್: ಘಾಟಿ ರಸ್ತೆಯಲ್ಲಿ ನನ್ನ ಅನುಭವ

ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಹೇಗಿರಬೇಕು ಅಂತ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಯಾರನ್ನೇ ಕೇಳಿ, ಉತ್ತರ ಒಂದೇ: "ಗಿಡ್ಡ ರನ್ನರ್, ದೊಡ್ಡ ಥ್ರಾಟಲ್ ಬಾಡಿ ಹಾಕು ಮಾರಾಯ, ಗಾಡಿ ಹಾರ್ತದೆ." ರನ್ನರ್ ಅಂದರೆ ಮ್ಯಾನಿಫೋಲ್ಡ್‌ನಿಂದ ಒಂದೊಂದು ಸಿಲಿಂಡರ್‌ಗೆ ಹೋಗುವ ಪೈಪ್, ಥ್ರಾಟಲ್ ಬಾಡಿ ಅಂದರೆ ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು. ಹಾರುತ್ತದೆ, ಸುಳ್ಳಲ್ಲ. ಆದರೆ 5,500 ಆರ್‌ಪಿಎಂ ದಾಟಿದ ಮೇಲೆ. ಆಗುಂಬೆಯ 14 ಸುತ್ತಿನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ, ಬ್ರೇಕ್ ಒತ್ತಬೇಕು. ನಮ್ಮ ಕಡೆ ಎಂಜಿನ್ ಬದುಕುವುದೇ 2,500ರಿಂದ 5,000ದ ಒಳಗೆ. ನಾನು ಉದ್ದ ರನ್ನರ್ ಮಾಡಿಸ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಈಗ ಅವರೇ ಬಾನೆಟ್ ಎತ್ತಿಸಿ ಫೋಟೋ ಹೊಡೆದುಕೊಂಡು ಹೋಗುತ್ತಾರೆ.

ಗಾಡಿ ಮಾರುತಿ ಎಸ್ಟೀಮ್, 16 ವಾಲ್ವ್ ಎಂಪಿಎಫ್‌ಐ, 1,298 ಸಿಸಿ. ಸಿಲಿಂಡರ್ ಹೆಡ್ ಸ್ವಲ್ಪ ಉಜ್ಜಿ ಇಳಿಸಿ ಕಂಪ್ರೆಷನ್ ಏರಿಸಿದ್ದೆ. ವಾಲ್ವ್ ತೆರೆಯುವ ಕ್ಯಾಮ್ ಮರುಗ್ರೈಂಡ್ ಮಾಡಿಸಿ, ಹೊಗೆ ಹೊರಹೋಗುವ ಕಡೆ 4-2-1 ಹೆಡರ್ ಪೈಪ್ ಹಾಕಿಸಿದ್ದೆ. ಇಷ್ಟಾದ ಮೇಲೆ ಕಂಪನಿ ಮ್ಯಾನಿಫೋಲ್ಡ್ 5,000ದ ಹತ್ತಿರವೇ ಕೈ ಚೆಲ್ಲುತ್ತಿತ್ತು. ಅದನ್ನು ಬದಲಾಯಿಸಲೇಬೇಕಿತ್ತು.

ಮೊದಲು ಹಾಕಿದ್ದು ಬೈಕಿನ ನಾಲ್ಕು ಥ್ರಾಟಲ್ ಬಾಡಿ, ಹಳೆಯ ಸುಜುಕಿ ಜಿಎಸ್ಎಕ್ಸ್-ಆರ್‌ನದು. ಸೆಟ್ಟಿಗೆ ಹದಿನಾರು ಸಾವಿರದಷ್ಟು, ಫ್ಲೇಂಜ್, ರಬ್ಬರ್, ಲಿಂಕೇಜ್ ಅಂತ ಮತ್ತೆ ಹತ್ತು-ಹನ್ನೆರಡು. ಸದ್ದು ಮಾತ್ರ ಸ್ವರ್ಗ. ತೊಂದರೆ ಐಡ್ಲಿಂಗ್‌ನಲ್ಲಿ ಶುರುವಾಯಿತು. ಈ ಎಂಜಿನ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನಂಬಿಕೊಂಡು ಪೆಟ್ರೋಲ್ ಲೆಕ್ಕ ಹಾಕುತ್ತದೆ, ಒಂದು ರನ್ನರ್‌ನಿಂದ ತೆಗೆದ ಸಿಗ್ನಲ್ ಕುಣಿಯುತ್ತಲೇ ಇರುತ್ತದೆ. ನಾಲ್ಕರಿಂದಲೂ ಸಣ್ಣ ಪೈಪ್ ತೆಗೆದು ಒಂದು ಡಬ್ಬಿಗೆ ಕೂಡಿಸಿದ ಮೇಲೆ ಅದು ಹತೋಟಿಗೆ ಬಂತು. ಆದರೆ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೂ ವ್ಯಾಕ್ಯೂಮ್ ಅಲ್ಲಿಂದಲೇ ಹೋಗಬೇಕಲ್ಲ. ಹುಲಿಕಲ್ ಘಾಟಿ ಇಳಿಯುವಾಗ ಬೆನ್ನುಬೆನ್ನಿಗೆ ಮೂರು ಸಲ ಬ್ರೇಕ್ ಒತ್ತಿದೆ, ಮೂರನೆಯದಕ್ಕೆ ಪೆಡಲ್ ಇಳಿಯಲೇ ಇಲ್ಲ. ಮುಂದೆ ಲೋಡ್ ಲಾರಿ. ಆ ಸೆಟ್ ಅಲ್ಲಿಗೇ ಮುಗಿಯಿತು. ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕು ಅಂತ ಹೇಳಿದವರಿದ್ದಾರೆ. ಟ್ರ್ಯಾಕ್ ಗಾಡಿಗೆ ಸರಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಉಡುಪಿಗೆ ಹೋಗುವ ಗಾಡಿಗೆ ನನಗೆ ಒಪ್ಪಿಗೆಯಾಗಲಿಲ್ಲ.

ಆಮೇಲೆ ಎಲ್ಲರ ಬಾಯಿಗೆ ಸೋತು ಗಿಡ್ಡ ರನ್ನರ್ ಮಾಡಿಸಿದೆ, ಬೆಂಗಳೂರಿನ ಒಂದು ಶಾಪ್‌ನಲ್ಲಿ. ಇಪ್ಪತ್ತೆರಡು ಸಾವಿರ ತೆಗೆದುಕೊಂಡರು. ನೋಡಲು ಶೋಕೇಸಿನಲ್ಲಿ ಇಡಬೇಕು ಅನ್ನಿಸುವ ಹಾಗಿತ್ತು. ಹೆಡ್ಡಿಗೆ ಹಿಡಿದು ನೋಡಿದರೆ ಅಲ್ಲಿ ಕೂರುವ ಫ್ಲೇಂಜ್ ಬಾಗಿದೆ, ಎರಡು ತುದಿಯಲ್ಲೂ ಸಂದು ಅಳೆಯುವ ಫೀಲರ್ ಗೇಜ್ ಸಲೀಸಾಗಿ ಒಳಗೆ ಹೋಗುತ್ತಿತ್ತು. ಅದನ್ನು ಇಲ್ಲೇ ಮಿಲ್ಲಿಂಗ್ ಮಾಡಿಸಿಕೊಂಡೆ. ಪವರ್ ಅಳೆಯುವ ಯಂತ್ರ ಡೈನೋದಲ್ಲಿ ಚಕ್ರಕ್ಕೆ ಐದಾರು ಬಿಎಚ್‌ಪಿ ಜಾಸ್ತಿ ಬಂತು, ಪ್ರಿಂಟ್ ಹಿಡಿದುಕೊಂಡು ಊರಿಗೆ ಬಂದೆ. ಆದರೆ ತೀರ್ಥಹಳ್ಳಿ ದಾಟುವಷ್ಟರಲ್ಲೇ ಖುಷಿ ಇಳಿದುಹೋಯಿತು. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಕಂಪನಿ ಮ್ಯಾನಿಫೋಲ್ಡ್‌ಗಿಂತ ಅರ್ಧ ಸೆಕೆಂಡ್ ಹೆಚ್ಚೇ ಹಿಡಿಯುತ್ತಿತ್ತು. ಅದನ್ನು ದಾವಣಗೆರೆ ಕಡೆಯ ಗೆಳೆಯನೊಬ್ಬ ಅರ್ಧ ಬೆಲೆಗೆ ತೆಗೆದುಕೊಂಡ. ಅವನದು ಬಯಲುಸೀಮೆ ರಸ್ತೆ, ಅವನಿಗೆ ಸರಿಹೋಗಿದೆ.

ಇಷ್ಟಾದ ಮೇಲೆ ಪೀಕ್ ಪವರ್ ಲೆಕ್ಕ ಬಿಟ್ಟು ಗೇರ್ ಲೆಕ್ಕ ಹಾಕಿದೆ. ಎಸ್ಟೀಮ್‌ನಲ್ಲಿ ಎರಡನೇ ಗೇರ್ 1.894, ಮೂರನೆಯದು 1.280. 6,500ಕ್ಕೆ ಗೇರ್ ಬದಲಿಸಿದರೆ ಆರ್‌ಪಿಎಂ 4,400ರ ಹತ್ತಿರ ಬೀಳುತ್ತದೆ. ಹಾಗಾದರೆ ರನ್ನರ್‌ನ ತಳ್ಳು ಸಿಗಬೇಕಾದ್ದು ಅಲ್ಲೇ ಅಲ್ವಾ? 10,000 ಆರ್‌ಪಿಎಂಗೆ 7 ಇಂಚು ರನ್ನರ್, ಅಲ್ಲಿಂದ ಪ್ರತಿ ಸಾವಿರ ಕಡಿಮೆಗೆ 1.7 ಇಂಚು ಸೇರಿಸು ಅನ್ನುವ ಹಳೆಯ ಲೆಕ್ಕ ನಿಮಗೂ ಗೊತ್ತಿರುತ್ತದೆ. 4,500ಕ್ಕೆ ಹದಿನಾರು ಇಂಚು ಚಿಲ್ಲರೆ ಬಂತು, ಸುಮಾರು 41 ಸೆಂಟಿಮೀಟರ್. ಇದು ವಾಲ್ವ್‌ನಿಂದ ಪ್ಲೀನಮ್ (ರನ್ನರ್‌ಗಳೆಲ್ಲ ಕೂಡುವ ಗಾಳಿ ಡಬ್ಬಿ) ಬಾಯಿವರೆಗಿನ ಉದ್ದ, ಹೆಡ್ ಒಳಗಿನ ಪೋರ್ಟನ್ನೂ ಸೇರಿಸಿ. ಅದನ್ನು ಮರೆತು ಪೈಪ್ ಕತ್ತರಿಸಿದವರನ್ನು ನಾನು ನೋಡಿದ್ದೇನೆ.

ಗುಜರಿಯಿಂದ ಎರಡೂವರೆ ಸಾವಿರಕ್ಕೆ ಕಂಪನಿ ಮ್ಯಾನಿಫೋಲ್ಡ್ ಒಂದನ್ನು ತಂದೆ. ಇಂಜೆಕ್ಟರ್ ಕೂರುವ ಕೆಳಭಾಗ ಉಳಿಸಿ ಮೇಲಿನದ್ದನ್ನು ಕತ್ತರಿಸಿ ಎಸೆದೆ. ಇಂಜೆಕ್ಟರ್ ಕೋನವನ್ನು ಕಂಪನಿಯವರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ, ಅದನ್ನು ಹೊಸದಾಗಿ ಮಾಡಲು ಹೋದರೆ ಪೆಟ್ರೋಲ್ ಗೋಡೆಗೆ ಹೊಡೆದು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕಾಡುತ್ತದೆ. ಹಳೆಯ ಎರಕದ ಅಲ್ಯೂಮಿನಿಯಂ ವರ್ಷಗಟ್ಟಲೆ ಆಯಿಲ್ ಕುಡಿದಿರುತ್ತದೆ. ಸುಮ್ನೆ ಟಿಗ್ ವೆಲ್ಡಿಂಗ್ ಹಿಡಿದರೆ ಗುಳ್ಳೆ ಗುಳ್ಳೆ ಏಳುತ್ತದೆ, ನಮ್ಮ ಮೊದಲ ವೆಲ್ಡ್ ಪೂರ್ತಿ ಹಾಗೇ ಹಾಳಾಯಿತು. ಗ್ಯಾಸ್ ಟಾರ್ಚ್‌ನಲ್ಲಿ ಚೆನ್ನಾಗಿ ಕಾಯಿಸಿ, ಬೆವರಿದ ಆಯಿಲ್ ಒರೆಸಿ, ಮತ್ತೆ ಕಾಯಿಸಿ, ಆಮೇಲೆ ಹಿಡಿಯಬೇಕು. ಫ್ಲೇಂಜ್ ಬಾಗದಿರಲು ಕೆಟ್ಟ ಹೆಡ್ ಒಂದಕ್ಕೆ ಬೋಲ್ಟ್ ಬಿಗಿದು ವೆಲ್ಡ್ ಮಾಡಿಸಿದೆ, ಪೂರ್ತಿ ತಣಿಯುವವರೆಗೆ ಬಿಚ್ಚಲು ಬಿಡಲಿಲ್ಲ. ವೆಲ್ಡಿಂಗ್ ಏಳು ಸಾವಿರ, ಪೈಪ್ ಮತ್ತು ಪ್ಲೇಟ್ ಮೂರು, ಮಿಲ್ಲಿಂಗ್ ಒಂದೂವರೆ. ಎಲ್ಲಾ ಸೇರಿ ಹದಿನಾಲ್ಕರ ಆಸುಪಾಸು, ಬೈಕಿನ ಸೆಟ್ಟಿನ ಅರ್ಧ.

ರನ್ನರ್ ಒಳವ್ಯಾಸ 38 ಎಂಎಂಗೆ ಹೋಗದೆ 35-36ರಲ್ಲಿ ನಿಲ್ಲಿಸಿದೆ. ಪ್ಲೀನಮ್ ಒಂದೂವರೆ ಲೀಟರ್ ಚಿಲ್ಲರೆ. ಅದರೊಳಗೆ ರನ್ನರ್‌ಗಳಿಗೆ ಅರಳಿದ ಬಾಯಿ ಬೇಕೇ ಬೇಕು. ಅದನ್ನು ಮೊದಲು ಗೆಳೆಯನ ತ್ರಿಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಮಾಡಿ ಹಾಕಿದ್ದೆವು. ಬಿಸಿಗೆ ಹಸಿ ಹಪ್ಪಳದ ಹಾಗೆ ಮಡಚಿಕೊಂಡವು. ಪುಣ್ಯಕ್ಕೆ ಚೂರು ಒಳಗೆ ಹೋಗಲಿಲ್ಲ. ಆಮೇಲೆ ಅಲ್ಯೂಮಿನಿಯಂ ತುಂಡನ್ನೇ ಲೇತ್‌ಗೆ ಕೊಟ್ಟೆ. ತುದಿಯ ಸಿಲಿಂಡರ್‌ಗಳಿಗೆ ಗಾಳಿ ಸಮ ಹಂಚಲು ಪ್ಲೀನಮ್ ಒಳಗೆ ಒಂದು ಕೆಲಸ ಮಾಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ, ಸ್ಪಾರ್ಕ್ ಪ್ಲಗ್ ನಾಲ್ಕೂ ಒಂದೇ ಬಣ್ಣ ಅಂತ ಮಾತ್ರ ಹೇಳುತ್ತೇನೆ.

ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಟ್ಯೂನ್ ಮಾಡದೆ ಇದೆಲ್ಲ ದಂಡ. ಕಂಪನಿಯದರ ಬದಲು ಹಾಕುವ ಸ್ಟ್ಯಾಂಡ್‌ಅಲೋನ್ ಇಸಿಯು ಮತ್ತು ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ಗೆ ಐವತ್ತು ಸಾವಿರದಷ್ಟು ಹೋಗಿತ್ತು, ಆದರೆ ಅದು ಮೂರು ಮ್ಯಾನಿಫೋಲ್ಡ್‌ಗೂ ದುಡಿದಿದೆ. 4,400ರಲ್ಲಿ ಗಾಳಿ ತುಂಬುವುದು ಎಷ್ಟು ಏರಿತೆಂದರೆ ಎಂಜಿನ್ ಒಳಗೆ ಬಡಿತ (ನಾಕಿಂಗ್) ಕೇಳಿಸಿತು, ಅಲ್ಲಿ ಎರಡು ಡಿಗ್ರಿ ಇಗ್ನಿಷನ್ ಟೈಮಿಂಗ್ ಹಿಂದೆ ತಂದೆ. ಆದರೂ ಟಾರ್ಕ್ ಜಾಸ್ತಿಯೇ.

ಡೈನೋದಲ್ಲಿ ಪೀಕ್ ಪವರ್ ಗಿಡ್ಡ ರನ್ನರ್‌ಗಿಂತ ಮೂರು ಬಿಎಚ್‌ಪಿ ಕಡಿಮೆ, ಮುಚ್ಚಿಡುವುದಿಲ್ಲ. ಆದರೆ 3,500ರಿಂದ 5,000ದವರೆಗೆ ಕಂಪನಿಯದಕ್ಕಿಂತ ಟಾರ್ಕ್ ಏಳೆಂಟು ಎನ್‌ಎಂ ಮೇಲೆ. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಎಂಟು ಸೆಕೆಂಡ್ ಚಿಲ್ಲರೆ ಇದ್ದದ್ದು ಏಳರ ಹತ್ತಿರ ಬಂತು. ಇದನ್ನು ಅಳೆದದ್ದು ನೇರ ರಸ್ತೆಯಲ್ಲಿ. ಘಾಟಿಯಲ್ಲಿ ಗಡಿಯಾರ ಹಿಡಿಯುವುದು ನನಗೆ ಇಷ್ಟವಿಲ್ಲ, ಅದು ಕಾಡು, ಕೋತಿಗಳು ರಸ್ತೆ ಮೇಲೇ ಕೂತಿರುತ್ತವೆ. ಆದರೆ ಆಗುಂಬೆ ಕೆಳಗಿನ ಸೋಮೇಶ್ವರದಿಂದ ಮೇಲೆ ಬರುವಾಗ ಮೊದಲು ಒಂದನೇ ಗೇರ್ ಬೇಡುತ್ತಿದ್ದ ತಿರುವಿನಲ್ಲಿ ಈಗ ಎರಡರಲ್ಲೇ ಎಳೆಯುತ್ತದೆ.

ಡಬ್ಬಿಯಿಲ್ಲದೆ ತೆರೆದಿರುವ ಕೋನ್ ಏರ್ ಫಿಲ್ಟರ್ ಬೇಡವೇ ಬೇಡ. ಜುಲೈ ಮಳೆಯಲ್ಲಿ ಎದುರು ಬಸ್ಸು ಎರಚಿದ ನೀರೆಲ್ಲ ಅದೇ ಕುಡಿಯುತ್ತದೆ. ಕಂಪನಿ ಏರ್‌ಬಾಕ್ಸ್ ಉಳಿಸಿ ಹೆಡ್‌ಲೈಟ್ ಹಿಂದಿನಿಂದ ಗಾಳಿ ತೆಗೆದುಕೊಂಡಿದ್ದೇನೆ. ಥ್ರಾಟಲ್ ಬಾಡಿಗೆ ಹೋಗುವ ಕೂಲಂಟ್ ಪೈಪ್ ಬೈಪಾಸ್ ಮಾಡಿಯೂ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಹೆಡ್ ಮತ್ತು ಮ್ಯಾನಿಫೋಲ್ಡ್ ನಡುವೆ 6 ಎಂಎಂ ಬೇಕಲೈಟ್ ಹಾಳೆ ಕತ್ತರಿಸಿ ಹಾಕಿದ್ದಕ್ಕೆ ಮಾತ್ರ ಒಳಗಾಳಿ ನಾಲ್ಕೈದು ಡಿಗ್ರಿ ತಣ್ಣಗಾಯಿತು. ಹಾಕುವವರು ಸ್ಟಡ್ ಕೂಡ ಅಷ್ಟೇ ಉದ್ದದ್ದು ತನ್ನಿ, ಹಳೆಯದಕ್ಕೆ ನಟ್ ಪೂರ್ತಿ ಹಿಡಿಯುವುದಿಲ್ಲ. ಆ 6 ಎಂಎಂ ರನ್ನರ್ ಉದ್ದಕ್ಕೂ ಸೇರುತ್ತದೆ, ಪೈಪ್ ಕತ್ತರಿಸುವ ಮೊದಲೇ ಕಳೆಯಿರಿ.