ಕಿರುಚಾಟ ಬಿಟ್ಟು ಮಾಡಿದ ಹೆರಿಗೆ ನಾಟಕ

ಹೆರಿಗೆ ಬಗ್ಗೆ ನಾಟಕ ಮಾಡೋಣ ಎಂದಾಗ ತುಮಕೂರಿನ ನಮ್ಮ ಹವ್ಯಾಸಿ ತಂಡದಲ್ಲಿ ಎಲ್ಲರಿಗೂ ಮೊದಲು ಹೊಳೆದದ್ದು ಒಂದೇ ದೃಶ್ಯ. ಮಂಚ, ಬೆವರು, ಚೀರಾಟ, ಕೊನೆಗೆ ಮಗುವಿನ ಅಳು. ಸಿನಿಮಾ ನೋಡಿ ಬೆಳೆದವರಲ್ವಾ ನಾವು! ಆದರೆ ಹೆತ್ತವರನ್ನೇ ಕೂರಿಸಿಕೊಂಡು ಕೇಳಿದರೆ, ನೋವಿನ ಕಥೆಯನ್ನು ಅವರು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಮಾತು ಬೆಳೆಯುತ್ತಿದ್ದದ್ದು ಆಮೇಲಿನ ದಿನಗಳ ಬಗ್ಗೆ.

ಗಂಡಸರು ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ಸೇರುತ್ತಿದ್ದೆವು. 'ಹೆರಿಗೆ ಹೇಗಾಯ್ತು?' ಎಂದರೆ 'ಚೆನ್ನಾಗೇ ಆಯ್ತು' ಎಂಬ ಉತ್ತರ. 'ಹೊಲಿಗೆ ಹಾಕಿದ ಮೇಲೆ ಮೊದಲ ಸಲ ಕಕ್ಕಸಿಗೆ ಹೋದದ್ದು ನೆನಪಿದೆಯಾ?' ಎಂದರೆ ಮೊದಲು ನಗು, ಆಮೇಲೆ ಎಲ್ಲರೂ ಒಟ್ಟಿಗೆ ಮಾತು. ಹೊಟ್ಟೆ ಬರುತ್ತದೆ ಎಂದು ಮನೆಯವರು ನೀರು ಕೊಡದಿದ್ದಾಗ ಬಚ್ಚಲಿನ ನಲ್ಲಿಗೆ ಬಾಯಿ ಹಚ್ಚಿದ್ದನ್ನು ಒಬ್ಬರು ಹೇಳಿದರು. ಇನ್ನೊಬ್ಬರು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, 'ಮಗು ನೋಡಿದ್ರೆ ಯಾರದೋ ಅನ್ನಿಸೋದು' ಎಂದರು.

ಯಾರ ಕಥೆಯನ್ನೂ ಇದ್ದಂತೆ ರಂಗದ ಮೇಲೆ ತರಲಿಲ್ಲ. ಮೂರು ಜನರ ಅನುಭವ ಸೇರಿಸಿ ಒಂದು ಪಾತ್ರ ಮಾಡಿದೆವು. ಊರು, ಮನೆತನ, ಮಗು ಹೆಣ್ಣೋ ಗಂಡೋ, ಎಲ್ಲ ಬದಲಿಸಿದೆವು. ಹೇಳಿದವರು ತಾಲೀಮು ನೋಡಿ ಬೇಡ ಎಂದರೆ ಆ ದೃಶ್ಯ ಹೋಯ್ತು, ಚರ್ಚೆ ಇಲ್ಲ. ಹಾಗೆ ಒಂದು ಒಳ್ಳೆಯ ದೃಶ್ಯವೂ ಹೋಯ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ನಾಟಕದ ಬಹುಪಾಲು ನಡೆಯುವುದು ಬಾಣಂತಿ ಕೋಣೆಯಲ್ಲಿ. ಮುಚ್ಚಿದ ಕಿಟಕಿ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ. ನೆಂಟರು ಬರುತ್ತಾರೆ, ಮಗುವಿನ ಮೂಗು ಯಾರದು ಎಂದು ವಾದ ಮಾಡುತ್ತಾರೆ, 'ಹಾಲು ಸಾಲ್ತಿಲ್ವೇನೋ' ಎಂದು ಹೇಳಿ ಹೋಗುತ್ತಾರೆ. ಅಷ್ಟು ಹೊತ್ತೂ ಬಾಣಂತಿಗೆ ಒಂದು ಮಾತೂ ಇಲ್ಲ. ಆ ಪಾತ್ರ ಮಾಡಿದ ಹುಡುಗಿಗೆ ಇನ್ನೂ ಮದುವೆಯಾಗಿಲ್ಲ. ಅವಳಿಗೆ ದುಃಖ ಕಲಿಸಲು ಹೋಗಲಿಲ್ಲ, ಕೂರುವುದನ್ನು ಕಲಿಸಿದೆವು. ಹೊಲಿಗೆ ಇರುವವರು ಮೊದಲು ಕೈ ಊರುತ್ತಾರೆ, ಆಮೇಲೆ ಒಂದು ಪಕ್ಕಕ್ಕೆ ಭಾರ ಬಿಟ್ಟು ಮೆಲ್ಲಗೆ ಇಳಿಯುತ್ತಾರೆ. ಅದನ್ನು ನೋಡಿದರೆ ಸಾಕು, ಮುಂದಿನ ಸಾಲಿನ ಹೆಂಗಸರಿಗೆ ಎಲ್ಲ ಅರ್ಥವಾಗುತ್ತದೆ.

ಮಗುವಿಗೆ ಗೊಂಬೆ ಬೇಡ ಎಂದೆವು, ಸುತ್ತಿದ ಹಳೇ ಸೀರೆ ಸಾಕಾಯಿತು. ತಾಲೀಮಿನಲ್ಲಿ ರೆಕಾರ್ಡ್ ಮಾಡಿದ ಅಳು ಹಾಕಿದಾಗ, ಹಾಲೂಡಿಸುತ್ತಿದ್ದ ನಟಿಯೊಬ್ಬಳ ಕುಪ್ಪಸ ಒದ್ದೆಯಾಯಿತು. ಅಳು ಕಿವಿಗೆ ಬಿದ್ದರೆ ಆಕ್ಸಿಟೋಸಿನ್ ಹಾರ್ಮೋನು ಕೆಲಸ ಮಾಡಿ ಹಾಲು ಇಳಿಯುವುದುಂಟು. ನೋಡಲು ಬರುವ ಬಾಣಂತಿಯರಿಗೂ ಹಾಗಾಗಬಾರದಲ್ವಾ? ಅಳುವಿನ ಬದಲು ಹಾರ್ಮೋನಿಯಂನ ಒಂದೇ ಸ್ವರ ಇಟ್ಟೆವು. ಒದ್ದೆ ಕುಪ್ಪಸವನ್ನು ಮಾತ್ರ, ಅವಳನ್ನು ಕೇಳಿಯೇ, ನಾಮಕರಣದ ದೃಶ್ಯಕ್ಕೆ ಸೇರಿಸಿಕೊಂಡೆವು.

ವಯಸ್ಸಾದವರು ಸೂಲಗಿತ್ತಿಯರನ್ನು ನೆನೆಯುತ್ತಿದ್ದರು. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ನಮ್ಮ ಜಿಲ್ಲೆಯವರೇ. 'ಅವರು ಕೈ ಬಿಡ್ತಿರ್ಲಿಲ್ಲ' ಎಂಬ ಮಾತು ಪದೇ ಪದೇ ಬರುತ್ತಿತ್ತು. ಹಳೇ ಕಾಲ ಚಿನ್ನ ಎಂದು ತೋರಿಸುವ ಆಸೆ ನನಗಿಲ್ಲ, ಮನೆ ಹೆರಿಗೆಯಲ್ಲಿ ಹೋದ ಜೀವಗಳೂ ಕಡಿಮೆಯಲ್ಲ. ಆದರೆ ಲೇಬರ್ ವಾರ್ಡಿನಲ್ಲಿ ಒಂಟಿಯಾಗಿ ಮಲಗಿದ್ದನ್ನೇ ಚಿಕ್ಕ ವಯಸ್ಸಿನವರು ಜಾಸ್ತಿ ಹೇಳಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಪ್ರದರ್ಶನ ಬೆಳಿಗ್ಗೆ, ಮಕ್ಕಳು ಅತ್ತರೂ ಪರವಾಗಿಲ್ಲ. ಮುಗಿದ ಮೇಲೆ ಆಶಾ ಕಾರ್ಯಕರ್ತೆ ಜೊತೆ ಮಾತುಕತೆ. ಬಾಣಂತಿಗೆ ಸುಮ್ಮನೆ ಅಳು ಬರುವುದು ಎರಡು ವಾರ ದಾಟಿದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ಘಟಕವಿದೆ ಎಂದು ಅವರು ಹೇಳುತ್ತಾರೆ.

ಇಂಥ ನಾಟಕದಲ್ಲಿ ಅತ್ತೆಯನ್ನು ಖಳನಾಯಕಿ ಮಾಡುವುದು ತುಂಬಾ ಸುಲಭ. ಒಂದು ಮಾತುಕತೆಯಲ್ಲಿ ವಯಸ್ಸಾದವರೊಬ್ಬರು ಎದ್ದು, 'ನಮಗೂ ನೀರು ಕೊಟ್ಟಿರ್ಲಿಲ್ಲ ಕಣಮ್ಮ, ಅದಕ್ಕೇ ನಾವೂ ಕೊಡ್ಲಿಲ್ಲ' ಎಂದರು. ಈಗ ಆ ಮಾತು, ಅವರ ಒಪ್ಪಿಗೆಯಿಂದಲೇ, ನಮ್ಮ ಅತ್ತೆ ಪಾತ್ರದ ಬಾಯಲ್ಲಿದೆ.