ಮರೆಗುಳಿ ಕಾವಲುಗಾರನ ಕೈಗೆ ಸಿಕ್ಕ ನಮ್ಮ ಸರ್ವರ್

ಚಿಕ್ಕಮಗಳೂರಿನ ಕಾಫಿ ವರ್ತಕರೊಬ್ಬರ ಲೆಕ್ಕದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಯಾವ ತೋಟದಿಂದ ಚೆರ್ರಿ ಎಷ್ಟು ಮೂಟೆ ಬಂತು, ಪಾರ್ಚ್‌ಮೆಂಟ್ ಎಷ್ಟು, ಯಾರಿಗೆ ಎಷ್ಟು ಬಾಕಿ, ಎಲ್ಲವೂ ಅದರಲ್ಲಿದೆ. ಸರ್ವರ್ ಇರುವುದು ಅಮೆಜಾನ್ ಕ್ಲೌಡ್‌ನ ಮುಂಬೈ ವಲಯದಲ್ಲಿ. ಕೊಯ್ಲಿನ ಗಡಿಬಿಡಿ ಇಲ್ಲದ ಜುಲೈ ತಿಂಗಳಲ್ಲಿ ಅದರ ಫೈರ್‌ವಾಲ್ (ಯಾರನ್ನು ಒಳಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳು) ಸರಿಪಡಿಸಲು ಕುಳಿತೆ.

ಕುಳಿತ ದಿನವೇ ನಾಚಿಕೆಯಾಯಿತು. ಲೆಕ್ಕವೆಲ್ಲ ಇರುವ ಡೇಟಾಬೇಸಿನ 3306ನೇ ಪೋರ್ಟ್ (ಸಂಪರ್ಕ ಬರುವ, ಸಂಖ್ಯೆ ಹೊತ್ತ ಬಾಗಿಲು) 0.0.0.0/0ಗೆ, ಅಂದರೆ ಇಡೀ ಜಗತ್ತಿಗೆ ತೆರೆದಿತ್ತು. ತೆರೆದವನು ನಾನೇ. ಪರೀಕ್ಷೆ ಮುಗಿದ ಮೇಲೆ ಮುಚ್ಚಿದರಾಯಿತು ಎಂದುಕೊಂಡು ಮರೆತಿದ್ದೆ. ದೂರದಿಂದ ಸರ್ವರಿನೊಳಗೆ ಹೋಗಲು ಬಳಸುವ 22ನೇ ಪೋರ್ಟಿನದೂ ಅದೇ ಕಥೆ. ಲಾಗ್ ತೆರೆದರೆ ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ಯಾರ‍್ಯಾರೋ ಬಾಗಿಲು ತಟ್ಟಿಹೋದ ಗುರುತು ಸಾಲುಸಾಲಾಗಿತ್ತು.

ಮೊದಲು ಹಿಡಿದದ್ದು ಸೆಕ್ಯುರಿಟಿ ಗ್ರೂಪನ್ನು, ಅಂದರೆ ಸರ್ವರಿಗೇ ಅಂಟಿಕೊಂಡ ಫೈರ್‌ವಾಲ್ ನಿಯಮಗಳ ಪಟ್ಟಿಯನ್ನು. ಇದರಲ್ಲಿ ‘ಬಿಡು’ ಎಂದಷ್ಟೇ ಬರೆಯಬಹುದು. ಬರೆಯದೆ ಉಳಿದವರೆಲ್ಲ ತಾವಾಗಿಯೇ ಹೊರಗೆ. ಡೇಟಾಬೇಸಿನ ನಿಯಮದಲ್ಲಿ ಐಪಿ ವಿಳಾಸ ಹಾಕುವ ಬದಲು ವೆಬ್ ಸರ್ವರಿನ ಸೆಕ್ಯುರಿಟಿ ಗ್ರೂಪಿನ ಹೆಸರನ್ನೇ ಕೊಟ್ಟೆ. ನಾಳೆ ವೆಬ್ ಸರ್ವರ್ ಬದಲಾಗಿ ವಿಳಾಸ ಬೇರೆಯಾದರೂ ನಿಯಮವನ್ನು ಮುಟ್ಟಬೇಕಿಲ್ಲ.

22ನೇ ಪೋರ್ಟನ್ನು ನನ್ನ ಮನೆಯ ವಿಳಾಸಕ್ಕೆ ಮಾತ್ರ ಬಿಟ್ಟೆ. ನಮ್ಮೂರಿನ ಮಳೆ ಅದನ್ನು ಒಪ್ಪಲಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ರೌಟರ್ ಹೊಸ ವಿಳಾಸ ಪಡೆಯುತ್ತಿತ್ತು, ನಾನು ನನ್ನದೇ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಮೂರನೆಯ ಸಲಕ್ಕೆ ಸಾಕಾಗಿ, ದೂರದಿಂದ ಸರ್ವರಿನೊಳಗೆ ಹೋಗಲು ಅಮೆಜಾನೇ ಕೊಡುವ ಸೆಷನ್ ಮ್ಯಾನೇಜರ್‌ಗೆ ಬದಲಾಯಿಸಿದೆ. ಸರ್ವರಿನೊಳಗಿನ ಅದರ ಏಜೆಂಟ್ (ಸಣ್ಣ ತಂತ್ರಾಂಶ) ತಾನೇ ಸುರಕ್ಷಿತ ವೆಬ್ ಸಂಪರ್ಕದ 443ನೇ ಪೋರ್ಟಿನ ಮೂಲಕ ಹೊರಗೆ ಸಂಪರ್ಕ ಮಾಡುವುದರಿಂದ ನಾನು ಒಳಹೋಗಲು ಯಾವ ಪೋರ್ಟೂ ತೆರೆದಿರಬೇಕಿಲ್ಲ. 22ನ್ನು ಪೂರ್ತಿ ಕಿತ್ತುಹಾಕಿದೆ.

ಇಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಒಂದು ವಿಳಾಸದಿಂದ ನಮ್ಮ ಲಾಗಿನ್ ಪುಟಕ್ಕೆ ಬಿಡದೆ ಏಟು ಬೀಳುತ್ತಿತ್ತು. ಸೆಕ್ಯುರಿಟಿ ಗ್ರೂಪಿನಲ್ಲಿ ‘ಬಿಡಬೇಡ’ ಎನ್ನಲಾಗದು. ಅದಕ್ಕೆ ಸಬ್‌ನೆಟ್ಟಿನ (ಸರ್ವರ್ ಇರುವ ಜಾಲದ ತುಂಡಿನ) ಅಂಚಿನಲ್ಲಿ ಕೂರುವ ನೆಟ್‌ವರ್ಕ್ ಎಸಿಎಲ್ ಎಂಬ ಇನ್ನೊಂದು ನಿಯಮಪಟ್ಟಿ ಬೇಕು. ಹೊಸದೊಂದನ್ನು ಮಾಡಿದೆ. ಅದರಲ್ಲಿ ಸಣ್ಣ ಸಂಖ್ಯೆಯ ನಿಯಮಕ್ಕೆ ಮೊದಲ ಮಾತು. 90ರಲ್ಲಿ ಆ ವಿಳಾಸಕ್ಕೆ ತಡೆ, 100ರಲ್ಲಿ ಎಲ್ಲರಿಗೂ 443. ಹೊರಹೋಗುವ ಕಡೆಗೂ 443 ಒಂದನ್ನೇ ಬರೆದು ಸಬ್‌ನೆಟ್ಟಿಗೆ ಜೋಡಿಸಿದೆ.

ಸ್ವಲ್ಪ ಹೊತ್ತಿಗೆ ತೋಟವೊಂದರ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು: “ಬಾಕಿ ಲೆಕ್ಕ ತೆರೆಯುತ್ತಿಲ್ಲ, ನಿಮ್ಮಲ್ಲೂ ಕರೆಂಟಿಲ್ಲವೇ?” ಕರೆಂಟಿತ್ತು. ಸೆಷನ್ ಮ್ಯಾನೇಜರ್ ಕೂಡ ಸತ್ತಿತ್ತು.

ಜಾಲದ ಓಡಾಟವನ್ನು ದಾಖಲಿಸುವ ಫ್ಲೋ ಲಾಗ್ ಹಾಕಿದೆ. ಅದು ಸಾಮಾನ್ಯವಾಗಿ ಹತ್ತು ನಿಮಿಷದ ದಾಖಲೆಯನ್ನು ಒಟ್ಟಿಗೆ ಕಟ್ಟುತ್ತದೆ. ಒಂದು ನಿಮಿಷಕ್ಕೆ ಇಳಿಸಿಕೊಂಡು ಕಾದೆ. ಜೋಡಿ ಸಾಲುಗಳು ಬಂದವು. 51834ರಿಂದ 443ಕ್ಕೆ: ಅಕ್ಸೆಪ್ಟ್. 443ರಿಂದ 51834ಕ್ಕೆ: ರಿಜೆಕ್ಟ್. ಕೋರಿಕೆ ಒಳಗೆ ಬರುತ್ತಿತ್ತು, ಉತ್ತರ ಬಾಗಿಲಲ್ಲೇ ಸಾಯುತ್ತಿತ್ತು.

ಸೆಕ್ಯುರಿಟಿ ಗ್ರೂಪಿಗೆ ನೆನಪಿದೆ, ಒಳಗೆ ಬಿಟ್ಟವರ ಉತ್ತರವನ್ನು ಕೇಳದೆ ಹೊರಗೆ ಬಿಡುತ್ತದೆ. ಎಸಿಎಲ್ ಮರೆಗುಳಿ. ಕೈಮರದ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಗೆ ಹೋದ ಕಾರು ಇಳಿದು ಬಂದಾಗ ‘ನೀವು ಯಾರು, ಒಳಗೆ ಹೇಗೆ ಬಂದಿರಿ?’ ಎಂದು ಕೇಳಿದ ಹಾಗೆ. ಉತ್ತರಗಳು ಹೋಗುವುದು 443ಕ್ಕಲ್ಲ, ಎದುರಿನವರ ಯಂತ್ರ ಆ ಕ್ಷಣಕ್ಕೆ ಆರಿಸಿಕೊಂಡ ದೊಡ್ಡ ಸಂಖ್ಯೆಯ ಪೋರ್ಟಿಗೆ. ಹೊರಗಿನ ದಿಕ್ಕಿಗೆ 1024ರಿಂದ 65535ರವರೆಗೆ ಬಿಟ್ಟೆ, ಪುಟ ತೆರೆಯಿತು. ಒಳಗಿನ ದಿಕ್ಕಿಗೂ ಅಷ್ಟನ್ನೇ ಬಿಟ್ಟ ಮೇಲೆ, ಏಜೆಂಟಿಗೆ ಬರಬೇಕಾದ ಉತ್ತರ ಬಂದು ಸೆಷನ್ ಮ್ಯಾನೇಜರ್ ಎದ್ದಿತು. ಆ ವ್ಯಾಪ್ತಿಯಲ್ಲಿ 3306 ಕೂಡ ಸೇರುತ್ತದೆ ಎಂದು ಒಮ್ಮೆ ಎದೆ ಝಲ್ಲೆಂದಿತು. ಹಿಂದೆ ಸೆಕ್ಯುರಿಟಿ ಗ್ರೂಪ್ ನಿಂತಿದೆ ಎಂದು ನೆನಪಾಗಿ ಉಸಿರುಬಿಟ್ಟೆ.

ಇಷ್ಟೆಲ್ಲ ಮಾಡಿ ತಡೆದ ಆ ವಿಳಾಸ? ಎರಡು ದಿನಕ್ಕೆ ಅದೇ ಏಟು ಬೇರೊಂದು ವಿಳಾಸದಿಂದ ಶುರುವಾಯಿತು. ಐದು ಸಲ ಗುಪ್ತಪದ ತಪ್ಪಿದರೆ ಹದಿನೈದು ನಿಮಿಷ ಲಾಗಿನ್ ಮುಚ್ಚುವಂತೆ ತಂತ್ರಾಂಶದಲ್ಲೇ ಬರೆದು, ಸಬ್‌ನೆಟ್ಟಿಗೆ ಮೊದಲಿದ್ದ ಎಸಿಎಲ್ಲನ್ನೇ ಮರಳಿ ಜೋಡಿಸಿದೆ.