ಅಡಿಕೆ ಜಗಿಯುವವರು ತಮ್ಮ ಬಾಯಿಯನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಹೇಗೆ

ಬಿಸಿ ಕಾಫಿಯನ್ನು ಅವಸರದಲ್ಲಿ ಗುಟುಕರಿಸಿ ಅಂಗುಳ ಸುಟ್ಟುಕೊಂಡರೆ ಆ ಜಾಗ ಕೆಂಪಾಗಿ, ಊದಿಕೊಂಡು, ಒಂದೆರಡು ದಿನ ಉರಿದು, ಸಾಮಾನ್ಯವಾಗಿ ವಾರದೊಳಗೆ ಮಾಯುತ್ತದೆ. ಇದೇ ಉರಿಯೂತ. ಗಾಯವನ್ನು ದೇಹ ತಾನೇ ವಾಸಿಮಾಡಿಕೊಳ್ಳುವ ಈ ಕ್ರಮ ಕೆಲಸ ಮುಗಿದೊಡನೆ ಶಮನವಾಗಬೇಕು. ದಿನಕ್ಕೆ ಹತ್ತಾರು ಬಾರಿ, ವರ್ಷಗಟ್ಟಲೆ, ಕೆನ್ನೆಯ ಅದೇ ಸಂದಿಯಲ್ಲಿ ಅಡಿಕೆ ಒತ್ತಿಟ್ಟುಕೊಂಡವರ ಬಾಯಲ್ಲಿ ಅದಕ್ಕೆ ಶಮನವಾಗುವ ಅವಕಾಶವೇ ಸಿಗುವುದಿಲ್ಲ.

ಕ್ಯಾನ್ಸರ್ ಗಡ್ಡೆಯೊಳಗೆ ಬಿಳಿ ರಕ್ತಕಣಗಳಿರುವುದನ್ನು ಗಮನಿಸಿದ ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಕೋವ್, ದೀರ್ಘಕಾಲದ ಉರಿಯೂತವಿದ್ದ ಜಾಗದಲ್ಲೇ ಕ್ಯಾನ್ಸರ್ ಹುಟ್ಟುತ್ತದೆಂದು 1863ರಲ್ಲೇ ಊಹಿಸಿದ್ದರು. ಕಾರಣ ಇಂದು ಹೆಚ್ಚು ಸ್ಪಷ್ಟವಾಗಿದೆ. ಗಾಯದ ಜಾಗಕ್ಕೆ ಧಾವಿಸುವ ರಕ್ಷಣಾ ಕಣಗಳು ರೋಗಾಣುಗಳನ್ನು ಕೊಲ್ಲಲು ತೀಕ್ಷ್ಣವಾದ ಆಮ್ಲಜನಕ ಸಂಯುಕ್ತಗಳನ್ನು ಚೆಲ್ಲುತ್ತವೆ. ಅವು ಪಕ್ಕದ ಆರೋಗ್ಯವಂತ ಜೀವಕೋಶಗಳ ಡಿಎನ್‌ಎಯನ್ನೂ ಕೆಡಿಸುತ್ತವೆ. ಜೊತೆಗೆ ಅದೇ ಕಣಗಳು ‘ಹೊಸ ಕೋಶಗಳು ಬೆಳೆಯಲಿ, ಹೊಸ ರಕ್ತನಾಳಗಳು ಹುಟ್ಟಲಿ’ ಎಂಬ ರಾಸಾಯನಿಕ ಸಂದೇಶವನ್ನೂ ಕಳಿಸುತ್ತಿರುತ್ತವೆ. ಡಿಎನ್‌ಎ ಕೆಟ್ಟ ಕೋಶಕ್ಕೆ ಬೆಳೆಯುವ ಅಪ್ಪಣೆಯೂ ಸಿಕ್ಕಿದರೆ ಆಗಬಾರದ್ದು ಆಗುತ್ತದೆ. ಹೆಪಟೈಟಿಸ್ ಬಿ ವೈರಸ್ಸಿನಿಂದ ಯಕೃತ್ತಿನಲ್ಲಿ, ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದಿಂದ ಜಠರದಲ್ಲಿ ಕ್ಯಾನ್ಸರ್ ಬರುವ ದಾರಿಯೂ ಬಹುಪಾಲು ಇಂಥದ್ದೇ. ಎಲ್ಲ ಉರಿಯೂತವೂ ಕ್ಯಾನ್ಸರ್ ಆಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಯಕೃತ್ತನ್ನಾಗಲಿ ಜಠರವನ್ನಾಗಲಿ ನಾವು ಕಣ್ಣಾರೆ ನೋಡಿಕೊಳ್ಳಲಾರೆವು, ಬಾಯಿಯನ್ನು ನೋಡಿಕೊಳ್ಳಬಲ್ಲೆವು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ತುಟಿ ಮತ್ತು ಬಾಯಿಯದ್ದೇ ಆಗಿರುವಾಗ ಈ ಅನುಕೂಲವನ್ನು ಬಿಟ್ಟುಕೊಡಬಾರದು.

ಮಲೆನಾಡಿನಲ್ಲಿ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಮುಂದಿಟ್ಟು ಅತಿಥಿಯನ್ನು ಉಪಚರಿಸುವ ಮನೆಗಳಲ್ಲಿ ಒಂದು ಮಾತು ಬಹಳ ಕೇಳಿಬರುತ್ತದೆ: ‘ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆ ಅಡಿಕೆ, ಏನೂ ಆಗುವುದಿಲ್ಲ.’ ತಂಬಾಕು ಸೇರಿದರೆ ಅಪಾಯ ಬಹಳ ಹೆಚ್ಚುತ್ತದೆ ಎಂಬುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ವರದಿ ಪ್ರಕಟಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತು ಕೆನ್ನೆಯ ಒಳಪದರದ ಕೋಶಗಳಿಂದ ಕೊಲಾಜನ್ ಎಂಬ ನಾರು ಅತಿಯಾಗಿ ತಯಾರಾಗುವಂತೆ ಮಾಡುತ್ತದೆ, ಅಡಿಕೆಯಲ್ಲಿನ ತಾಮ್ರ ಆ ನಾರನ್ನು ಬಿಗಿಯಾಗಿ ಹೆಣೆಯಲು ನೆರವಾಗುತ್ತದೆ. ಮೆತ್ತಗಿದ್ದ ಕೆನ್ನೆ ಕ್ರಮೇಣ ಚರ್ಮದ ಪಟ್ಟಿಯಂತೆ ಗಡುಸಾಗುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ಅಡಿಕೆ ಬೆಳೆದೇ ಬದುಕುವ ಜನರ ನಡುವೆ ಇದನ್ನು ಹೇಳುವುದು ಸುಲಭವಲ್ಲ, ಆದರೆ ಹೇಳದಿರುವುದು ಇನ್ನೂ ತಪ್ಪು.

ಇದರ ಮೊದಲ ಸುಳಿವು ಕಣ್ಣಿಗಲ್ಲ, ನಾಲಿಗೆಗೆ ಸಿಗುತ್ತದೆ. ಮನೆಮಂದಿಯೆಲ್ಲ ಆರಾಮವಾಗಿ ಉಣ್ಣುವ ಸಾರು ಒಬ್ಬರಿಗೆ ಮಾತ್ರ ಖಾರವೆನಿಸಿ, ಅವರು ದಿನವೂ ಮಜ್ಜಿಗೆ ಅನ್ನಕ್ಕೇ ಜಾರತೊಡಗಿದರೆ ಅದನ್ನು ವಯಸ್ಸಿನ ಲಕ್ಷಣವೆಂದು ಬಿಡಬೇಡಿ. ಸಿಳ್ಳೆ ಹಾಕಲು ಬಾರದಿರುವುದು, ಗಾಳಿ ತುಂಬಿ ಕೆನ್ನೆ ಉಬ್ಬಿಸಲು ಆಗದಿರುವುದು, ರೊಟ್ಟಿಯ ತುತ್ತನ್ನು ಚಿಕ್ಕದಾಗಿ ಮುರಿದುಕೊಳ್ಳಬೇಕಾಗುವುದು ಆಮೇಲಿನ ಹಂತಗಳು.

ಪರೀಕ್ಷೆಗೆ ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು, ಕವಳದ ಕೆಂಪು ಹೋಗುವಷ್ಟು ಬಾಯಿ ಮುಕ್ಕಳಿಸಿ, ಕೈ ತೊಳೆದುಕೊಂಡು, ಕನ್ನಡಿಯ ಮುಂದೆ ಟಾರ್ಚ್ ಹಿಡಿದು ನಿಲ್ಲಿ. ಮೊದಲು ಬಾಯಿ ಎಷ್ಟು ತೆರೆಯುತ್ತದೆಂದು ನೋಡಿ: ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಎರಡೇ ಹಿಡಿಸಿದರೆ ವೈದ್ಯರನ್ನು ಕಾಣಲು ಅದೊಂದೇ ಸಾಕಾದ ಕಾರಣ. ಸ್ಕೇಲಿನಿಂದಲೂ ಅಳೆದು ಮಿಲಿಮೀಟರ್ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬಳಿಕ ತುಟಿಗಳನ್ನು ಮಗುಚಿ ನೋಡಿ, ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆಳೆದು ಒಳಭಾಗವನ್ನು ನಿಧಾನವಾಗಿ ಗಮನಿಸಿ. ಅಡಿಕೆ ಇಟ್ಟುಕೊಳ್ಳುವ ಪಕ್ಕವನ್ನು ಇನ್ನೊಂದು ಪಕ್ಕದೊಡನೆ ಹೋಲಿಸಿ. ಆರೋಗ್ಯದ ಕೆನ್ನೆ ಗುಲಾಬಿ ಬಣ್ಣದ್ದಾಗಿ ಒದ್ದೆಯಾಗಿ ಹೊಳೆಯುತ್ತದೆ. ನಾರುಗಟ್ಟಿದ ಕೆನ್ನೆ ಅಮೃತಶಿಲೆಯಂತೆ ಬಿಳಿಚಿಕೊಂಡಿದ್ದು, ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಬಿಗಿದ ದಾರಗಳಂತೆ ತಾಗುತ್ತದೆ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತಲೂ ಹೆಚ್ಚಾಗಿ ಮಖಮಲ್ಲಿನಂಥ ಕೆಂಪು ಮಚ್ಚೆ ಕಂಡರೆ ತಡಮಾಡಬೇಡಿ. ನಾಲಿಗೆಯ ತುದಿಯನ್ನು ಒಣ ಬಟ್ಟೆಯಿಂದ ಹಿಡಿದು ಎರಡೂ ಅಂಚುಗಳನ್ನು, ಮೇಲೆತ್ತಿ ಅಡಿಭಾಗವನ್ನು ನೋಡಬೇಕು. ವಸಡು, ಅಂಗುಳ ನೋಡಿ, ಕೊನೆಗೆ ದವಡೆಯ ಕೆಳಗೆ ಮತ್ತು ಕುತ್ತಿಗೆಯ ಎರಡೂ ಬದಿಯಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಿ.

ಹುಣ್ಣು ಕಂಡರೆ ಹೆದರುವ ಅಗತ್ಯವಿಲ್ಲ, ದಿನ ಎಣಿಸಬೇಕು. ಎರಡು ವಾರವಾದರೂ ಮಾಯದ ಹುಣ್ಣನ್ನು ದಂತವೈದ್ಯರಿಗೆ ತೋರಿಸಲೇಬೇಕು. ನೋವಿಲ್ಲದಿದ್ದರಂತೂ ಇನ್ನೂ ಬೇಗ ಹೋಗಬೇಕು, ಏಕೆಂದರೆ ಆರಂಭದ ಕ್ಯಾನ್ಸರ್ ಎಷ್ಟೋ ವೇಳೆ ನೋಯುವುದೇ ಇಲ್ಲ. ನಮ್ಮ ಬಂಧುಗಳೊಬ್ಬರು ಔಷಧಿ ಅಂಗಡಿಯಿಂದ ಮರಗಟ್ಟಿಸುವ ಜೆಲ್ ತಂದು ತಿಂಗಳುಗಟ್ಟಲೆ ಹಚ್ಚಿಕೊಂಡು, ಉರಿ ಕಡಿಮೆಯಾಯಿತೆಂದು ಸಮಾಧಾನಪಟ್ಟುಕೊಂಡಿದ್ದರು; ಕಡಿಮೆಯಾದದ್ದು ಉರಿಯ ಅರಿವು ಮಾತ್ರ. ಅರಿಶಿನ, ಜೇನುತುಪ್ಪ ಹಚ್ಚಿ ಕಾಯುವುದರಿಂದಲೂ ಇದೇ ನಷ್ಟ. ಕೆನ್ನೆಗೆ ಚುಚ್ಚುವ ಮುರಿದ ಹಲ್ಲಿದ್ದರೆ ಅದನ್ನೂ ನಯಗೊಳಿಸಿಕೊಳ್ಳಿ.

ಬರೀ ಕಣ್ಣಿನಿಂದ ನೋಡಿದರೆ ಏನಾದೀತು ಎಂದು ಕೇಳುವವರಿಗೆ ತಿರುವನಂತಪುರದ ಅಧ್ಯಯನವೇ ಉತ್ತರ. 1996ರಿಂದ ಅಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿಯೂ ಈ ತಪಾಸಣೆ ಇದೆ, ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ.

ಪರೀಕ್ಷೆಯೊಂದೇ ಸಾಲದು, ಅಡಿಕೆ ನಿಲ್ಲಬೇಕು. ಈಗಾಗಲೇ ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲವಾದರೂ ದಿನದಿನದ ಗಾಯ ನಿಲ್ಲುತ್ತದೆ. ಊಟವಾದೊಡನೆ ಬಾಯಿ ಕೇಳುವುದರಿಂದ ಆ ಗಳಿಗೆಗೆ ಲವಂಗವೋ ಸೋಂಪೋ ಕೈಗೆಟಕುವಂತಿರಲಿ. ಹೊಗೆಸೊಪ್ಪು, ಗುಟ್ಖಾ ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಉಚಿತವಾಗಿ ಕರೆಮಾಡಬಹುದು.

ವೈದ್ಯರ ಬಳಿಗೆ ಹೋಗುವಾಗ ದಿನಕ್ಕೆ ಎಷ್ಟು ಕವಳ, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ಹೇಳಿ, ಕ್ಯಾಲೆಂಡರಿನ ಲೆಕ್ಕವನ್ನೂ ಒಯ್ಯಿರಿ. ಆರು ತಿಂಗಳ ಹಿಂದೆ 38 ಮಿಲಿಮೀಟರ್ ಇದ್ದದ್ದು ಈಗ 33 ಆಗಿದ್ದರೆ ಕಾಯಿಲೆ ಮುಂದುವರಿಯುತ್ತಿರುವುದು ಅದರಿಂದಲೇ ತಿಳಿಯುತ್ತದೆ. ಬಯಾಪ್ಸಿ, ಅಂದರೆ ಆ ಜಾಗದ ಚೂರು ತೆಗೆದು ಪರೀಕ್ಷೆ, ಮಾಡಬೇಕೆಂದರೆ ಒಪ್ಪಿಕೊಳ್ಳಿ, ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆಂಬ ಮಾತಿಗೆ ಆಧಾರವಿಲ್ಲ. ಫಲಿತಾಂಶದಲ್ಲಿ ಏನೂ ಇಲ್ಲವೆಂದು ಬಂದರೂ ಮುಂದಿನ ತಪಾಸಣೆಯ ದಿನಾಂಕವನ್ನು ಅಲ್ಲೇ ಬರೆಸಿಕೊಂಡು ಬನ್ನಿ.